ಇಗರ್ಜಿಯಿಲ್ಲದ ತಿರುವು

ಕುತಾಯಿಸಿಯ ಮಿನಿಬಸ್ಸಿನಲ್ಲಿ ಇಗರ್ಜಿ ಕಂಡರೆ ಸಾಕು,
ಎಲ್ಲರ ಬಲಗೈ ಏಳುತ್ತದೆ:
ಹಣೆ, ಹೊಟ್ಟೆ, ಬಲಭುಜ, ಎಡಭುಜ. ಮೂರು ಸಲ.
ಡ್ರೈವರನೂ ಸ್ಟಿಯರಿಂಗ್ ಬಿಟ್ಟು ಮೂರು ಸಲ.
ನನ್ನ ಶಾಲ್ವಾ ಮಾತ್ರ
ಪೆಟ್ರೋಲ್ ಬಂಕಿಗೂ ಕೈ ಎತ್ತುತ್ತಾನೆ,
ಟೈರ್ ಅಂಗಡಿಗೂ, ಖಾಲಿ ಸೈಟಿಗೂ.
ಭುಜ ತಟ್ಟಿ, ಕತ್ತು ಕೊಡವಿ,
ಗಂಟಲಿನಿಂದೊಂದು ಸಣ್ಣ ‘ಕ್ಹೀ’,
ಬಾಗಿಲ ತಿರುಗಣಿಯಲ್ಲಿ ಎಣ್ಣೆ ಆರಿದ ಹಾಗೆ.

ತಿಬಿಲಿಸಿಯ ಡಾಕ್ಟರು ಎರಡು ಹೆಸರು ಬರೆದುಕೊಟ್ಟರು.
ಎಡಿಎಚ್‌ಡಿ: ನಿಂತಲ್ಲಿ ನಿಲ್ಲಗೊಡದ್ದು.
ಟುರೆಟ್: ನಿಲ್ಲೆಂದರೂ ಬಂದೇ ಬರುವುದು.
‘ಮನೆಯಲ್ಲಿ ಬೇರೆ ಯಾರಿಗಾದರೂ?’ ಎಂದರು.
‘ಇಲ್ಲ’ ಎಂದೆ,
ಎರಡೂ ಕಣ್ಣು ಬಿಗಿದು ಬಿಗಿದು ಮಿಟುಕಿಸುತ್ತ.
ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

ಚೀಟಿಯನ್ನು ಎಥೆರಿ ಹಿಟ್ಟಿನ ಡಬ್ಬಿಯ ಕೆಳಗಿಟ್ಟಳು,
ನೆರೆಯವರಿಗೆ ಕಾಣದಿರಲೆಂದು.
ಒಂದೇ ಅಂಗಳ, ಮೂರು ಮಹಡಿ ನಮ್ಮದು;
ಯಾರಾದರೂ ಸೀನಿದರೆ ಹನ್ನೆರಡು ಕಿಟಕಿ
‘ಬಾಳು ಮಗಾ’ ಎನ್ನುತ್ತವೆ.
ಅವನು ‘ಕ್ಹೀ’ ಎಂದರೆ
ಹನ್ನೆರಡೂ ಸುಮ್ಮನೆ.

ಮೊದಮೊದಲು ನಾನೂ ಗದರುತ್ತಿದ್ದೆ, ‘ಬಿಡೋ ಅದನ್ನ!’
ಬಿಡಲು ಅವನೇನು ಹಿಡಿದುಕೊಂಡಿದ್ದನೇ?
ಒಂದು ರಾತ್ರಿ ಅವನೇ ಪಾಠ ಹೇಳಿದ:
‘ಸೀನು ಬರೋ ಮುಂಚೆ ಮೂಗಲ್ಲಿ ಆಗುತ್ತಲ್ಲಪ್ಪಾ,
ನನಗದು ಭುಜದಲ್ಲಿ.
ಶಾಲೇಲಿ ತಡ್ಕೋತೀನಿ.
ತಡ್ಕೊಂಡ್ರೆ ಟೀಚರ್ ಹೇಳಿದ್ದು ಕೇಳ್ಸಲ್ಲ,
ಕೇಳಿಸ್ಕೊಂಡ್ರೆ ತಡ್ಕೊಳೋಕಾಗಲ್ಲ.’
ಹೇಳುತ್ತ ಹೇಳುತ್ತ ನನ್ನ ಅಂಗಿಯ ಎರಡು ಗುಂಡಿ ಕಿತ್ತಿದ್ದ.

ಮೂರೂವರೆಗೆ ಹೊಸ್ತಿಲು ದಾಟಿದ್ದೇ
ದಿನವಿಡೀ ನುಂಗಿದ್ದೆಲ್ಲ ಒಟ್ಟಿಗೇ ಹೊರಗೆ.
ಒಂದು ಶೂ ಮೆಟ್ಟಿಲ ಮೇಲೆ, ಇನ್ನೊಂದು ದೇವರೇ ಬಲ್ಲ.
ಈ ಚಳಿಗಾಲಕ್ಕೆ ಇದು ಐದನೆಯ ಟೋಪಿ.
ಎಥೆರಿ ಈಗ ಒಂದೇ ಬಣ್ಣದ ಉಲ್ಲನ್ನು ಉಂಡೆಗಟ್ಟಲೆ ತರುತ್ತಾಳೆ,
ಬೈಯುವುದಿಲ್ಲ, ಹೆಣೆಯುತ್ತಾಳೆ.
ಕೆಲವು ದಿನ ಹೆಣೆಯುತ್ತಲೇ ಬೈಯುತ್ತಾಳೆ.

ನಾಲ್ಕು ಬಿಸಿ ರೊಟ್ಟಿ ಕಂಕುಳಲ್ಲಿಟ್ಟುಕೊಂಡು
ಲಾಮಾರಾ ಟೀಚರ್ ಬಳಿ ಹೋದೆ.
‘ಏನು ಮಾಡಲಿ, ಹೇಳಿ’ ಎಂದರು ಆಕೆ, ತುಸು ಸಿಟ್ಟಿನಲ್ಲೇ.
ಏನೂ ಮಾಡಬೇಡಿ ತಾಯಿ.
ಅವನ ಸದ್ದಿಗೆ ತಿರುಗಿ ನೋಡಬೇಡಿ.
ಬಾಗಿಲ ಪಕ್ಕದ ಬೆಂಚು ಕೊಡಿ.
ಸೀಮೆಸುಣ್ಣ ತರಲು ಕಳಿಸಿ, ಬೇಡವಾದರೂ ಕಳಿಸಿ.
ಈಗ ಇಡೀ ಊರಿನಲ್ಲಿ
ಅಷ್ಟು ಸೀಮೆಸುಣ್ಣ ಇರುವ ತರಗತಿ ಇನ್ನೊಂದಿಲ್ಲ.

ಭಾನುವಾರ ಬೆಳಗಿನ ಐದಕ್ಕೆ ನನ್ನ ಜೊತೆ ಬರುತ್ತಾನೆ.
ಬಾವಿಯಂಥ ಒಲೆಯೊಳಗೆ ಬಗ್ಗಿ
ಕಾದ ಗೋಡೆಗೆ ಹಿಟ್ಟು ಬಡಿಯುವಾಗ
ಭುಜ ತೆಪ್ಪಗಿರುತ್ತದೆ, ಗಂಟಲೂ.
ಅಂಗಿಯ ಬೆನ್ನು ಹಿಡಿದು ನಿಲ್ಲುತ್ತೇನೆ ನಾನು.
ಗುಣವಾಯಿತು ಎನ್ನುವವರಿಗೆ ಹೇಳುತ್ತೇನೆ:
ಹತ್ತೇ ನಿಮಿಷ.
ಹನ್ನೊಂದನೆಯ ನಿಮಿಷಕ್ಕೆ ರೊಟ್ಟಿ ಬೂದಿಯಲ್ಲಿ,
ಹುಡುಗ ಬೀದಿಯಲ್ಲಿ, ಬೆಕ್ಕಿನ ಹಿಂದೆ.

ನನ್ನಪ್ಪ ನನ್ನ ಮಿಟುಕಿಗೆ ಬೆಲ್ಟು ಬಿಚ್ಚಿದವನು.
ಅವನ ಒಲೆಯ ಮುಂದೆಯೇ ನಿಂತಿದ್ದೇನೆ.
ಬೆಲ್ಟು ಎಲ್ಲಿ ಹೋಯಿತೋ, ಹುಡುಕಲಿಲ್ಲ.

ನಿನ್ನೆ ಬಸ್ಸಿನಲ್ಲಿ, ಟೈರ್ ಅಂಗಡಿಯ ತಿರುವಿನಲ್ಲಿ,
ಇವನ ಕೈ ಮೇಲೆದ್ದಿತು.
ಎದುರು ಸೀಟಿನ ಮುದುಕಿ ನಾಝಿಬ್ರೋಲಾ ಬೆಚ್ಚಿದಳು:
‘ಇಲ್ಲೊಂದು ಇಗರ್ಜಿಯಿತ್ತು. ನಾನು ಕೂಸಾಗಿದ್ದಾಗ ಕೆಡವಿದರು.
ನಿನಗೆ ಯಾರು ಹೇಳಿದರಪ್ಪಾ?’
ಅವಳು ಕೈ ಎತ್ತಿದಳು. ಹಿಂದಿನವರೂ.
ಡ್ರೈವರನೂ, ಸ್ಟಿಯರಿಂಗ್ ಬಿಟ್ಟು, ಟೈರುಗಳಿಗೆ ಮೂರು ಸಲ.
ಶಾಲ್ವಾ ನನ್ನ ಮುಖ ನೋಡಿದ, ನಗು ತಡೆಯುತ್ತ,
ಆ ತಡೆಯುವ ಕೆಲಸದಲ್ಲಿ ಅವನಷ್ಟು ಪಳಗಿದವರುಂಟೇ?

ವಿವರಿಸಲೆಂದು ಬಾಯಿ ತೆರೆದೆ.
ಎರಡು ಕಾಯಿಲೆಯ ಹೆಸರು ನಾಲಗೆಯ ತುದಿಯಲ್ಲಿತ್ತು.
ಮುಚ್ಚಿದೆ.
ನಾನೂ ಕೈ ಎತ್ತಿದೆ.

ಇಳಿದು ಹತ್ತು ಹೆಜ್ಜೆ ನಡೆದ ಮೇಲೆ ನೋಡುತ್ತೇನೆ,
ಟೋಪಿ ಬಸ್ಸಿನಲ್ಲೇ ಹೋಗಿದೆ.