ಅರ್ಧ ಬ್ಲೇಡು

ಕೌಲ್ ಬಜಾರಿನ ಒಂದು ಓಣಿಯೊಳಗೆ
ತಗಡಿನ ಚಾವಣಿ, ಹನ್ನೊಂದು ಮಷೀನು, ಎರಡು ಫ್ಯಾನು.
ಒಂದು ತಿರುಗುತ್ತದೆ,
ಇನ್ನೊಂದು ಅದನ್ನು ನೋಡುತ್ತದೆ.

ಮೊದಲ ದಿನ ಸುಂಕಮ್ಮ ಕಲಿಸಿದ್ದು ಹೊಲಿಗೆಯನ್ನಲ್ಲ.
ಬಿಸಿಲೇರುವ ಮುಂಚೆಯೇ ನೀರಿನ ಬಾಟಲಿಗೆ
ಹಸಿ ಚಿಂದಿ ಸುತ್ತಿಡಬೇಕು.
ಊಟಕ್ಕೆ ಮುಂಚೆ ಕೈಗೆ ಕಡಲೆಹಿಟ್ಟು ತಿಕ್ಕಬೇಕು,
ಜೀನ್ಸಿನ ನೀಲಿ ಸೋಪಿಗೆ ಹೆದರುವುದಿಲ್ಲ.
ಆದರೂ ಮೊದಲ ತಿಂಗಳೆಲ್ಲ ನನ್ನ ಮೊಸರನ್ನದಲ್ಲಿ
ಬೆರಳಿನ ಗುರುತು,
ಸಂಜೆಯ ಆಕಾಶವನ್ನು ಯಾರೋ ಕಲಸಿಟ್ಟ ಹಾಗೆ.
ಹೀಗಂದರೆ ಸುಂಕಮ್ಮ ನಗುತ್ತಾಳೆ:
"ಆಕಾಶ ಅಲ್ಲ ಬಿಡು, ಕಚ್ಚಾ ಬಣ್ಣ ಅದು."

ಇನ್ನೂ ಏನೇನೋ ಕಲಿತೆ, ಯಾರೂ ಪಾಠ ಅನ್ನದೆ.
ಆಟೋ ಹತ್ತುವಾಗಲೇ ಚಿಲ್ಲರೆ ಮುಷ್ಟಿಯಲ್ಲಿರಬೇಕು,
ಇಳಿದ ಮೇಲೆ ಹುಡುಕಿದರೆ ಹಿಂದಿನ ಬಸ್ಸೂ ಬೈಯುತ್ತದೆ.
ಮಿರ್ಚಿ ಬಂಡಿಯ ಎದುರು ಹಸಿದು ನಿಂತು
ಸಂಬಳದ ಲೆಕ್ಕ ಹಾಕಬಾರದು.
ಇಸ್ತ್ರಿಯ ಎರ್ರಿಸ್ವಾಮಿ ಪೆಟ್ಟಿಗೆಯನ್ನು ಮುಟ್ಟಿ ನೋಡುವುದಿಲ್ಲ,
ಎರಡು ಹನಿ ಚಿಮುಕಿಸಿ
ಸದ್ದು ಕೇಳಿಸಿಕೊಳ್ಳುತ್ತಾನೆ.
ಕರೆಂಟು ಹೋದಾಗಲೇ ಗೊತ್ತಾಗುವುದು
ಇಷ್ಟು ಹೊತ್ತೂ ನಾವೆಲ್ಲ ಕೂಗಾಡುತ್ತಿದ್ದೆವು ಎಂದು.

ಯುಗಾದಿ ಆರ್ಡರಿನ ಗಡಿಬಿಡಿಯಲ್ಲಿ
ನಲವತ್ತು ಪ್ಯಾಂಟಿಗೆ
ಬಲದ ಜೇಬನ್ನು ಎಡಕ್ಕೆ ಕೂಡಿಸಿಬಿಟ್ಟೆ.
ನಲವತ್ತೊಂದನೆಯದಕ್ಕೆ ಕೈ ನಿಂತಿತು.
ಮಾಸ್ಟರ್ ಗಾದಿಲಿಂಗಪ್ಪನ ಮುಂದೆ ಹೋಗಿ ನಿಂತೆ,
ಬೈಗುಳಕ್ಕೆ ತಲೆ ಬಗ್ಗಿಸಿ.

ಅವನು ಕಿವಿ ಮೇಲಿನ ಸೀಮೆಸುಣ್ಣ ತೆಗೆದಿಟ್ಟ.
ಹೊಸ ಬ್ಲೇಡನ್ನು ಕಾಗದದ ಸಮೇತ
ಉದ್ದಕ್ಕೆ ಬಗ್ಗಿಸಿ ಟಕ್ಕನೆ ಎರಡು ಮಾಡಿದ.
"ಇಡೀ ಬ್ಲೇಡು ಹಿಡಿಬ್ಯಾಡ.
ಒಂದು ಕಡೆ ದಾರ ಕೊಯ್ದರೆ
ಇನ್ನೊಂದು ಕಡೆ ಬೆರಳು ಕೊಯ್ತೈತೆ."
ಅರ್ಧ ನನಗೆ ಕೊಟ್ಟು, ಉಳಿದರ್ಧ ತಾನು ಹಿಡಿದು
ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತ.

ರಾತ್ರಿ ಒಂಬತ್ತೂವರೆಯವರೆಗೆ ಬಿಚ್ಚಿದೆವು.
ಜಗ್ಗಬಾರದು. ಮೂರು ಹೊಲಿಗೆಗೊಂದು ಕತ್ತರಿಸುತ್ತ ಹೋದರೆ
ಹಿಂದಿನ ದಾರ ತಾನೇ ಬರುತ್ತದೆ.
ಅವನು ಮಾತಾಡಿದ್ದು ಇನ್ನೆರಡೇ ಸಲ.
ಒಮ್ಮೆ, ಟೀಗೆ ಸಕ್ಕರೆ ಜಾಸ್ತಿ ಆಯಿತೆಂದು.
ಇನ್ನೊಮ್ಮೆ, ಜೇಬು ಕಿತ್ತ ಜಾಗದ ಸೂಜಿತೂತುಗಳನ್ನು
ನಾನು ಉಗುರಿನಿಂದ ತಿಕ್ಕುತ್ತ ಕೂತಾಗ:
"ಬಿಡವ್ವ, ಒಗೆದ ಮೇಲೆ ಮುಚ್ಕೊಂತಾವ."

ನನ್ನ ಗೋಡೆಯಾಚೆ ಮೌಲಾಬಿಯ ಮನೆ.
ನಳಕ್ಕೆ ನೀರು ಬರುವುದು ಹತ್ತು ದಿನಕ್ಕೊಮ್ಮೆ,
ಅದೂ ನಡುರಾತ್ರಿ. ಪೈಪು ಒಂದೇ, ಪಾಳಿ ಎರಡು.
ಆ ವಾರ ನಿದ್ದೆಗಣ್ಣಿನಲ್ಲಿ
ನಾನೊಂದು ಮಾತು ಹೊಲಿದುಬಿಟ್ಟೆ,
ಅವಳ ಕೊಡಕ್ಕೆ ಅವಳ ಗಂಡನ ಹೋದ ಕೆಲಸವನ್ನು ಕೂಡಿಸಿ.
ಬಲದ ಜೇಬು ಎಡಕ್ಕೆ.
ಇಪ್ಪತ್ತು ದಿನ ಅವಳ ಬಾಗಿಲು
ನನ್ನ ಚಪ್ಪಲಿಯ ಸದ್ದಿಗೇ ಮುಚ್ಚಿಕೊಳ್ಳುತ್ತಿತ್ತು.

ತಪ್ಪಾಯಿತು ಅನ್ನುವ ಮಾತು ಇಡೀ ಬ್ಲೇಡು.
ಹಿಡಿಯಲು ಹೋದಾಗಲೆಲ್ಲ ನನ್ನನ್ನೇ ಮೊದಲು ಕೊಯ್ಯುತ್ತಿತ್ತು.
ಹಾಗಾಗಿ ಅರ್ಧವನ್ನೇ ಒಯ್ದೆ:
ಒಂದು ಪೊಟ್ಟಣ ಒಗ್ಗರಣೆ, ಎರಡು ಮಿರ್ಚಿ,
"ನೀರು ಇವತ್ತು ಬಂದ್ರೆ ನೀನೇ ಮೊದಲು ಹಿಡ್ಕೊ."
ಪೊಟ್ಟಣ ತಗೊಂಡಳು. ಮಾತು ತಗೊಳ್ಳಲಿಲ್ಲ.
ಬಾಗಿಲು ಮುಚ್ಚಿತು,
ಚಿಲಕದ ಸದ್ದು ಮಾತ್ರ ಕೇಳಲಿಲ್ಲ.

ರಾತ್ರಿ ಎರಡಕ್ಕೆ ನಳ ಗೊರಗೊರ ಅಂದಿತು.
ಒಂದು, ಎರಡು... ಅವಳ ನಾಲ್ಕು ಕೊಡ ತುಂಬುವುದನ್ನು
ಮಲಗಿದಲ್ಲೇ ಎಣಿಸಿದೆ.
ಆಮೇಲೆ ಪೈಪು ಗೋಡೆ ಹಾರಿ
ನನ್ನ ಅಂಗಳಕ್ಕೆ ಬಿತ್ತು, ನೀರು ಸುರಿಸುತ್ತಲೇ.
ಕತ್ತಲಲ್ಲಿ "ಹಿಡಿ" ಅಂದದ್ದು
ಅವಳೋ, ನೀರೋ.

ಈಗ ಮಾತಾಡುತ್ತೇವೆ. ಮುಂಚಿನಷ್ಟಲ್ಲ.
ಅವಳು ನಕ್ಕಾಗ ಒಮ್ಮೊಮ್ಮೆ,
ಬೆಳಕಿಗೆ ಹಿಡಿದ ಬಟ್ಟೆಯಲ್ಲಿ ಕಂಡಂತೆ,
ಸಾಲಾಗಿ ಸಣ್ಣ ತೂತುಗಳು.
ಒಗೆದ ಮೇಲೆ ಮುಚ್ಚಿಕೊಳ್ಳುತ್ತವೆ ಅಂದಿದ್ದ ಮಾಸ್ಟರ್.
ಎಷ್ಟನೆಯ ಒಗೆತಕ್ಕೆ ಎಂದು
ಅವತ್ತೇ ಕೇಳಿಟ್ಟುಕೊಳ್ಳಬೇಕಿತ್ತು.