ಪಟ್ಟಿಯ ಕೆಳಗೆ

ನಾನಾ ಪೇಟೆಯ ಇಲಿಯಾಸ್ ಪಂಕ್ಚರಾದ ಟ್ಯೂಬು ಸೀಳಿ
ಚೈನು ಟಪಟಪ ಬಡಿಯುವ ಕಂಬಿಗೆ
ಸುತ್ತಲು ಕೂತ.
ಮೊದಲು ಹಳೇದು ಬಿಚ್ಚಬೇಕು, ಅಂದ.

ಸೆಕೆಂಡ್ ಹ್ಯಾಂಡ್ ಸೈಕಲ್ಲು.
ನನಗಿಂತ ಮುಂಚೆ ಯಾರೋ ಪುಣ್ಯಾತ್ಮ
ಎಳೆಗೂಸಿನ ಕೈಗೆ ಬಳೆ ಏರಿಸುವಷ್ಟು ನಾಜೂಕಾಗಿ
ಅಂಟಿಸಿದ್ದ ಪಟ್ಟಿ.
ಸೀಮೆಎಣ್ಣೆ ಬಟ್ಟೆ, ಉಗುರು, ಒಂದಿಷ್ಟು ಬೈಗುಳ.

ಬಂತು. ಅದರಡಿ
ಗೇಣುದ್ದ ಹಸಿರು,
ಗಿಣಿಮರಿ ಮೊದಲ ಸಲ ರೆಕ್ಕೆ ಬಿಚ್ಚಿದಂಥದು.
ಉಳಿದ ಮೈಯೆಲ್ಲ ಬಿಸಿಲು ನೆಕ್ಕಿ ಒಣಗಿದ ಪಾಚಿ.
ಎರಡು ವರ್ಷ ನಾನು
ಅದನ್ನೇ ಹಸಿರೆಂದು ನಂಬಿದ್ದೆ.

ವೇತಾಳ ಟೇಕಡಿಯ ಜಲ್ಲಿ ಕೆತ್ತಿದ್ದು,
ನಾನು ಬಿದ್ದದ್ದು, ಲಿಫ್ಟಿನ ಬಾಗಿಲು ತರಚಿದ್ದು,
ಎಲ್ಲ ಒಂದಕ್ಕೊಂದು ಒಗ್ಗಿಹೋಗಿವೆ.
ಜೋಪಾನ ಮಾಡಿದ ಜಾಗ ಮಾತ್ರ
ಈಗಷ್ಟೇ ಆದ ಗಾಯದ ಹಾಗಿದೆ.

ಮುಚ್ಚಲಾ? ಕೇಳಿದ,
ಟ್ಯೂಬಿನ ಒಂದು ತುದಿ ಹಲ್ಲಲ್ಲಿ ಕಚ್ಚಿಕೊಂಡು.
ಚೈನು ಸುಮ್ಮನಿರುವುದಿಲ್ಲವಲ್ಲ, ಮುಚ್ಚಲೇಬೇಕು.
ತಡಿ, ಅಂದೆ.

ನಾವಿಬ್ಬರೂ ಒಂದು ಕಟಿಂಗ್ ಚಹಾ ಮುಗಿಸುವವರೆಗೆ
ಅದೂ ಸ್ವಲ್ಪ
ಬಿಸಿಲು ಕಾಯಿಸಿಕೊಳ್ಳಲಿ.