ಒದ್ದೆ ರುಜು

ಬ್ರೆಮರ್‌ಹಾಫೆನ್ ಬಂದರು. ಮಂಗಳವಾರ.
ನಲವತ್ತು ಮೀಟರು ಮೇಲೆ, ಕ್ರೇನಿನ ಗೂಡಿನಲ್ಲಿ
ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಗೆರ್ಲಿಂದೆಯ ಫೋನು
ಒಮ್ಮೆ ನಡುಗಿ ಸುಮ್ಮನಾಯಿತು.

ಕೆಲಸದಿಂದ ತೆಗೆದ ಪತ್ರ.
ಕೆಳಗೊಂದು ಹಸಿರು ಗುರುತು: ಸಹಿ ಸಿಂಧು.
ಟಾಲಿನ್ನಿನಲ್ಲಿ ಕೂತ ಯಜಮಾನ ತಾರ್ವೊ
ಕಾರ್ಡು ತುರುಕಿ ಐದಂಕಿ ಒತ್ತಿದ್ದ.
ಅವನೂರಲ್ಲಿ ಆ ಐದಂಕಿಯೇ ಅವನ ಕೈ.
ಕಂಪನಿ ಹುಟ್ಟಿಸಿದ್ದು ಹಾಗೇ, ಹಡಗು ಬಾಡಿಗೆಗೆ ಹಿಡಿದದ್ದೂ ಹಾಗೇ,
ಒಮ್ಮೆ ಸೌನಾದಿಂದ ಹೊರಬಂದು
ತಲೆ ಒರೆಸಿಕೊಳ್ಳುತ್ತಲೇ ಮತ ಹಾಕಿದ್ದನಂತೆ.

ನಮ್ಮ ಸಂಘದ ಕಚೇರಿಗೆ ಬಂದವಳು
ಫೋನನ್ನು ಮೇಜಿನ ಮೇಲೆ ಬೋರಲಿಟ್ಟಳು,
ಸತ್ತ ಮೀನು ಇಟ್ಟ ಹಾಗೆ.
ನಾನು ಓದಿದೆ, ಎರಡು ಸಲ.
ಆಮೇಲೆ (ತಪ್ಪೇ) ನಕ್ಕೆ.

ಇದು ಇಲ್ಲಿ ನಡೆಯೋದಿಲ್ಲ ಗೆರ್ಲಿಂದೆ.
ಕೆಲಸಕ್ಕೆ ಸೇರಿಸಿಕೊಳ್ಳಲು ಬಾಯಿಮಾತು ಸಾಕು,
ನೀನು ಕೂರುವ ಕ್ರೇನನ್ನೇ ಕೊಳ್ಳಲು ಐದಂಕಿ ಸಾಕು,
ಬಿಡಿಸಲು ಮಾತ್ರ
ಪೆನ್ನು ಬೇಕು, ಕಾಗದ ಬೇಕು, ಶಾಯಿ ಒದ್ದೆಯಾಗಿರಬೇಕು.
ಕೈಬರಹವಿಲ್ಲದೆ ಈ ದೇಶದಲ್ಲಿ
ಇಂಥ ಹಣೆಬರಹ ಬರೆಯುವಂತಿಲ್ಲ.

ಯಾಕೆ? ಎಂದಳು.
ಅವಸರ ಪಡದಿರಲೆಂದು, ಎಂದೆ. ಅದು ಪುಸ್ತಕದ್ದು.
ಭಾರ ಬೆರಳಿಗೆ ಗೊತ್ತಾಗಲೆಂದು. ಇದು ನಾನು ಸೇರಿಸಿದ್ದು.

ತಾರ್ವೊ ಫೋನಿನಲ್ಲಿ ಕೂಗಾಡಿದ.
ಶಾಯಿಯನ್ನು ಯಾವ ಕಳ್ಳನೂ ನಕಲು ಮಾಡಿಯಾನು,
ಗಣಿತವನ್ನು ಮಾಡಲಿ ನೋಡೋಣ!
ನಮ್ಮದು ಒಂದೇ ಒಕ್ಕೂಟ, ಒಂದೇ ನಾಣ್ಯ ಅಲ್ಲವೇನ್ರೀ?
ಹೌದು ಸ್ವಾಮಿ, ಎಲ್ಲ ನಿಜ.
ಆದರೂ ಇದೊಂದು ಬಾಗಿಲಿಗೆ
ಒಂದೊಂದು ಊರಲ್ಲಿ ಒಂದೊಂದು ಚಿಲಕ.

ಹತ್ತೊಂಬತ್ತು ದಿನ ಕಳೆದು ಲಕೋಟೆ ಬಂತು.
ಅವಳು ತಂದು ಬಿಚ್ಚಿ ತೋರಿಸಿದಳು.
ಮೊದಲಕ್ಷರ ದೊಡ್ಡದು, ನಡುವೆ ಪೆನ್ನು ನಿಂತಿದೆ,
ನಿಂತಲ್ಲಿ ಸಾಸಿವೆಯಷ್ಟು ಚುಕ್ಕೆ,
ಮುಂದಿನದು ಮಗು ಗೀಚಿದಂತೆ.
ಎಷ್ಟು ವರ್ಷವಾಗಿತ್ತೋ ಆ ಕೈ
ತನ್ನ ಹೆಸರನ್ನು ಮುಟ್ಟಿ.

ಗೆರ್ಲಿಂದೆ ಹೆಬ್ಬೆರಳನ್ನು ನೆಕ್ಕಿ
ಚುಕ್ಕೆಯ ಮೇಲೆ ಉಜ್ಜಿದಳು.
ನೀಲಿ ಬಂತು.
ಈಗ ಸರಿ, ಎಂದಳು. ಅಳಲಿಲ್ಲ.
ಅಷ್ಟರಲ್ಲಿ ತಿಂಗಳು ಹೊರಳಿತ್ತು,
ಇನ್ನೊಂದು ಸಂಬಳ ಅವನ ತಲೆಗೆ ಬಿತ್ತು.
ಅದರಲ್ಲಿ ಎರಡು ಹಲ್ಲು ಕಟ್ಟಿಸಿಕೊಂಡಳು.

ಕಡತ ಮುಚ್ಚುವಾಗ ನಾನು
ಕಚೇರಿಯ ಗಾಜಿನ ಹಲಗೆ ಮುಂದೆ ಚಾಚಿದೆ.
ಉಗುರಿನಿಂದ ಏನೋ ಎಳೆದಳು.
ಎರೆಹುಳು ಹರಿದ ಹಾಗೆ ಬಂತು ಹೆಸರು.
ಇದು ನಡೆಯುತ್ತದಾ? ಎಂದು ನೋಡಿದಳು.

ನಡೆಯುತ್ತದೆ, ಎಂದೆ.
ಈ ಸಲ ನಗು ಬರಲಿಲ್ಲ.